ಒಬ್ಬರೇ ಹಾರುವ ವಾಯುನೌಕೆ: ವಿನ್ಯಾಸದಲ್ಲಿ ನಾನು ಕಂಡದ್ದು

ಒಬ್ಬ ಮನುಷ್ಯನನ್ನು ಹೊತ್ತು ತೇಲುವ ಪುಟ್ಟ ವಾಯುನೌಕೆಯೊಂದನ್ನು, ಅಂದರೆ ಹಗುರ ಅನಿಲದಿಂದ ತೇಲುವ, ಮೋಟಾರಿನಿಂದ ಬೇಕಾದತ್ತ ನಡೆಸಬಹುದಾದ ಉದ್ದನೆಯ ಬಲೂನನ್ನು, ನಾನು ವಿನ್ಯಾಸ ಮಾಡಿ, ಕಟ್ಟಿ, ಹಾರಿಸಿದ್ದೇನೆ. ಇಂಥದ್ದಕ್ಕೆ ಕೈ ಹಾಕಬೇಕೆಂದಿರುವವರು ಮೊದಲು ಕೇಳುವುದು ಮೋಟಾರಿನ ಬಗ್ಗೆ. ಮೋಟಾರು ಬಹಳ ತಡವಾಗಿ ಬರುವ ವಿಷಯ. ಮೊದಲು ಬರುವುದು ತೂಕದ ಪಟ್ಟಿ; ಅದರ ಬೆನ್ನಿಗೇ, ಹಾರದೆ ಇರುವ ಹೊತ್ತಿನಲ್ಲಿ ನೌಕೆ ಎಲ್ಲಿರುತ್ತದೆ ಎಂಬ ಪ್ರಶ್ನೆ. ವಾಯುನೌಕೆ ತನ್ನ ಆಯುಷ್ಯದ ಬಹುಪಾಲನ್ನು ನೆಲದ ಹತ್ತಿರವೇ ಕಳೆಯುತ್ತದೆ, ಅದಕ್ಕೆ ಅಪಾಯ ಹೆಚ್ಚಿರುವುದೂ ಅಲ್ಲೇ. ನನ್ನ ವಿನ್ಯಾಸದ ಮುಖ್ಯ ನಿರ್ಧಾರಗಳೆಲ್ಲ ಈ ಎರಡರಿಂದಲೇ ಹೊರಟವು.

ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಘನ ಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. ಅಷ್ಟೇ ಜಾಗ ಹಿಡಿಯುವ ಹೀಲಿಯಂನ ತೂಕ ಸುಮಾರು 0.17 ಕಿಲೋ. ಅಂದರೆ ಘನ ಮೀಟರಿಗೆ ಒಂದು ಕಿಲೋಗಿಂತ ತುಸು ಹೆಚ್ಚು ಎತ್ತುವ ಬಲ ನಮ್ಮ ಪಾಲಿಗೆ ಸಿಗುತ್ತದೆ. ಅನಿಲ ತುಂಬಲು ನಾನು 300 ಘನ ಮೀಟರಿನ ಹೊದಿಕೆಯನ್ನು ಆರಿಸಿಕೊಂಡೆ. ಉದ್ದ ವ್ಯಾಸದ ನಾಲ್ಕು ಪಟ್ಟು ಇರಲಿ ಎಂದುಕೊಂಡರೆ ವ್ಯಾಸ 5.2 ಮೀಟರ್, ಉದ್ದ 21 ಮೀಟರ್, ಹೊರಮೈ ಸುಮಾರು 277 ಚದರ ಮೀಟರ್. ಚದರ ಮೀಟರಿಗೆ 180 ಗ್ರಾಂ ತೂಗುವ ಲೇಪಿತ ಬಟ್ಟೆಯಾದರೆ ಬಟ್ಟೆಯೊಂದೇ 50 ಕಿಲೋ. ಜೋಡಣೆಯ ಪಟ್ಟಿಗಳು, ಹಗ್ಗ ಕಟ್ಟುವ ತೇಪೆಗಳು, ಮೂತಿಯ ಕಡ್ಡಿಗಳು ಸೇರಿ 60 ಆಯಿತು. ಹೀಲಿಯಂ ಹಿಗ್ಗಿ ಕುಗ್ಗಿದಾಗ ಹೊದಿಕೆಯ ಆಕಾರ ಕಾಯುವ ಒಳಗಿನ ಗಾಳಿಚೀಲಕ್ಕೆ 7, ಬಾಲದ ರೆಕ್ಕೆಗಳಿಗೆ 18, ಕೂರುವ ಚೌಕಟ್ಟಿಗೆ 35, ಮೋಟಾರು ಮತ್ತು ಪ್ರೊಪೆಲರ್‌ಗಳಿಗೆ 20, ಬ್ಯಾಟರಿಗೆ 25, ಆ ಚೀಲಕ್ಕೆ ಗಾಳಿ ಊದುವ ಬ್ಲೋವರ್ ಮತ್ತು ಕವಾಟಗಳಿಗೆ 8, ಹಗ್ಗಗಳಿಗೆ 8, ಹಾರುವವರಿಗೆ 75, ಬೇಕಾದಾಗ ಚೆಲ್ಲಲು ನೀರು 20. ಒಟ್ಟು 276 ಕಿಲೋ.

300ರಲ್ಲಿ 276 ಕಳೆದರೆ ಇನ್ನೂ ಉಳಿಯುತ್ತದಲ್ಲ ಎನಿಸಬಹುದು. ಉಳಿಯುವುದಿಲ್ಲ. ನೆಲದ ಮಟ್ಟದಲ್ಲಿ ಒಳಗಿನ ಗಾಳಿಚೀಲ ಹತ್ತರಲ್ಲೊಂದು ಪಾಲನ್ನು ಹಿಡಿದಿರುತ್ತದೆ, ಹೀಲಿಯಂಗೆ ಸಿಗುವುದು 270 ಘನ ಮೀಟರ್ ಮಾತ್ರ. ತಂಪಾದ ಮುಂಜಾವಿನಲ್ಲಿ ಅದು ಸುಮಾರು 283 ಕಿಲೋ ಎತ್ತುತ್ತದೆ. ಗಾಳಿಯ ಉಷ್ಣತೆ 30 ಡಿಗ್ರಿ ತಲುಪಿದರೆ 270 ಕಿಲೋಗೆ ಇಳಿಯುತ್ತದೆ. ಹೊದಿಕೆಯ ಮೂಲಕ ನಿಧಾನವಾಗಿ ಹೊರಗಿನ ಗಾಳಿ ಬೆರೆತು ಹೀಲಿಯಂನ ಶುದ್ಧತೆ 97 ಶೇಕಡಾಕ್ಕೆ ಬಂದರೆ ಇನ್ನೂ ಎಂಟು ಕಿಲೋ ಹೋಯಿತು. ಆದ್ದರಿಂದ ನಾನು ಪಟ್ಟಿಯನ್ನು ಸರಾಸರಿ ದಿನಕ್ಕೆ ಹೊಂದಿಸದೆ, ಬಿಸಿಯಾದ ದಿನಕ್ಕೂ ಹಳೆಯದಾದ ಅನಿಲಕ್ಕೂ ಹೊಂದಿಸಿದೆ. ಕೂರುವ ಚೌಕಟ್ಟನ್ನು ಅಲ್ಯೂಮಿನಿಯಂ ಕೊಳವೆಯಲ್ಲಿ ಮತ್ತೆ ಕಟ್ಟಿ ತೂಕ ಇಳಿಸಿದ್ದು ಈ ಲೆಕ್ಕದ ಒತ್ತಾಯಕ್ಕೆ. ಪ್ರತಿ ಬಿಡಿಭಾಗವನ್ನೂ ತಕ್ಕಡಿಯ ಮೇಲಿಟ್ಟು ತೂಗಿದ ಮೇಲೆಯೇ ಪಟ್ಟಿಗೆ ಸೇರಿಸುತ್ತಿದ್ದೆ. ತಯಾರಕರು ಬರೆದ ತೂಕದಲ್ಲಿ ತಂತಿ, ತಿರುಪು, ಅಂಟು ಸೇರಿರುವುದಿಲ್ಲ.

ಅನಿಲದ ಆಯ್ಕೆಯಲ್ಲಿ ನಾನು ಹೆಚ್ಚು ತೊಳಲಾಡಲಿಲ್ಲ. ಜಲಜನಕ ಘನ ಮೀಟರಿಗೆ 1.14 ಕಿಲೋ ಎತ್ತುತ್ತದೆ, ಹೀಲಿಯಂಗಿಂತ ಎಂಟು ಶೇಕಡಾ ಹೆಚ್ಚು. ಆದರೆ ಗಾಳಿಯಲ್ಲಿ 4ರಿಂದ 75 ಶೇಕಡಾವರೆಗೆ ಬೆರೆತಾಗ ಅದು ಹೊತ್ತಿಕೊಳ್ಳಬಲ್ಲದು, ಕಣ್ಣಿಗೆ ಕಾಣದ ಒಂದು ಕಿಡಿ ಸಾಕು. ಮುಚ್ಚಿದ ಶೆಡ್ಡಿನಲ್ಲಿ ಅದನ್ನು ನೋಡಿಕೊಳ್ಳುವ ಶಿಸ್ತು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಬಿಸಿಗಾಳಿಯ ದಾರಿ ನನ್ನನ್ನು ಹೆಚ್ಚು ಸೆಳೆದಿತ್ತು. 1973ರಲ್ಲಿ ಬ್ರಿಟನ್ನಿನ ಕ್ಯಾಮರಾನ್ ಡಿ-96 ಮೊದಲ ಬಿಸಿಗಾಳಿ ವಾಯುನೌಕೆಯಾಗಿ ಹಾರಿತು. 2006ರಲ್ಲಿ ಅಮೆರಿಕದಲ್ಲಿ ಹಾರಿದ ಆಲ್ಬರ್ಟೊ ಎಂಬ ನೌಕೆಯ ಪಕ್ಕೆಲುಬುಗಳು ಕೊಡೆಯಂತೆ ಮಡಚಿಕೊಳ್ಳುತ್ತಿದ್ದವು. ಹಾರಾಟ ಮುಗಿದ ಮೇಲೆ ಗಾಳಿ ಬಿಟ್ಟು ಮಡಚಿಡಬಹುದಾದ್ದರಿಂದ ಶೆಡ್ಡಿನ ಪ್ರಶ್ನೆಯೇ ಏಳುವುದಿಲ್ಲ. ಆದರೆ ನೂರು ಡಿಗ್ರಿಯ ಗಾಳಿ ಎತ್ತುವುದು ಘನ ಮೀಟರಿಗೆ 0.28 ಕಿಲೋ ಮಾತ್ರ. ಗಾತ್ರ ಸುಮಾರು ನಾಲ್ಕು ಪಟ್ಟಾಗಬೇಕು, ಅದನ್ನು ಗಾಳಿಯಲ್ಲಿ ತಳ್ಳುವ ಶಕ್ತಿಯೂ ಎರಡು ಪಟ್ಟಿಗೂ ಮೀರುತ್ತದೆ, ಜೊತೆಗೆ ಬರ್ನರಿನ ಸದ್ದು. ನನಗೆ ಬೇಕಾಗಿದ್ದದ್ದು ಮೌನದಲ್ಲಿ ನಿಧಾನವಾಗಿ ಸಾಗುವ ನೌಕೆ. ಹೀಲಿಯಂ ಎಂದು ತೀರ್ಮಾನಿಸಿದೆ, ಅದರೊಂದಿಗೆ ಶೆಡ್ಡನ್ನೂ ಒಪ್ಪಿಕೊಂಡೆ.

ಹೊದಿಕೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೇವಲ 300 ಪಾಸ್ಕಲ್ ಹೆಚ್ಚಿದ್ದರೆ ಸಾಕು, ಆಕಾರ ನಿಲ್ಲುತ್ತದೆ. ವಾತಾವರಣದ ಒತ್ತಡದ ಮುಂದೆ ಇದು ಏನೂ ಅಲ್ಲ. ಬಟ್ಟೆಯ ಮೇಲೆ ಬೀಳುವ ಎಳೆತವೂ ಮೀಟರಿಗೆ 800 ನ್ಯೂಟನ್ನಿನ ಆಸುಪಾಸು, ಒಳ್ಳೆಯ ಲೇಪಿತ ನೈಲಾನ್ ಇದಕ್ಕಿಂತ ಬಹಳ ಹೆಚ್ಚು ತಡೆಯುತ್ತದೆ. ಬಟ್ಟೆ ಹರಿಯುವ ಭಯ ನನಗೆ ಇರಲಿಲ್ಲ. ಜೋಡಣೆಗಳು ಸೋರುವ ಚಿಂತೆ ಇತ್ತು. ಸೋರಿಕೆ ಪತ್ತೆಗೆ ಸಾಮಾನ್ಯವಾಗಿ ಹೇಳುವ ಉಪಾಯವೆಂದರೆ ಹೊದಿಕೆಯನ್ನು ಗಾಳಿಯಿಂದ ತುಂಬಿಸಿ, ಬಿಗಿದು, ಮರುದಿನ ಒತ್ತಡ ಎಷ್ಟು ಇಳಿದಿದೆ ಎಂದು ನೋಡುವುದು. ಇಷ್ಟು ಕಡಿಮೆ ಒತ್ತಡದಲ್ಲಿ ಈ ಉಪಾಯ ಕೆಲಸಕ್ಕೆ ಬಾರದು. ಗಾತ್ರ ಬದಲಾಗದಂತೆ ಬಿಗಿದಿಟ್ಟ ಗಾಳಿಯ ಉಷ್ಣತೆ ಒಂದು ಡಿಗ್ರಿ ಇಳಿದರೆ ಒತ್ತಡ ಸುಮಾರು 350 ಪಾಸ್ಕಲ್ ಇಳಿಯುತ್ತದೆ. ನಾವು ಅಳೆಯಹೊರಟ ಒಟ್ಟು ಒತ್ತಡವೇ ಅಷ್ಟಿಲ್ಲ! ರಾತ್ರಿಯ ತಂಪನ್ನು ಅಳೆದು ಸೋರಿಕೆ ಎಂದುಕೊಳ್ಳುವ ಸಾಧ್ಯತೆಯೇ ಹೆಚ್ಚು. ನಾನು ಪ್ರತಿ ಜೋಡಣೆಯ ಉದ್ದಕ್ಕೂ ಸಾಬೂನು ನೀರು ಹಚ್ಚಿ, ಗುಳ್ಳೆ ಎದ್ದಲ್ಲಿ ಗುರುತು ಮಾಡಿ, ತೇಪೆ ಹಾಕಿದೆ. ಬೇಸರದ ಕೆಲಸ, ಆದರೆ ನಂಬಬಹುದಾದ ಕೆಲಸ. ಇನ್ನೊಂದನ್ನು ಒತ್ತಿ ಹೇಳಬೇಕು: ಹೀಲಿಯಂ ತುಂಬಿದ ಹೊದಿಕೆಯೊಳಗೆ ಪರೀಕ್ಷೆಗೆಂದೂ ತಲೆ ತೂರಿಸಬಾರದು. ಅಲ್ಲಿ ಆಮ್ಲಜನಕ ಇರುವುದಿಲ್ಲ, ಕೆಲವೇ ಉಸಿರಿನಲ್ಲಿ ಎಚ್ಚರ ತಪ್ಪುತ್ತದೆ.

ಒಳಗಿನ ಗಾಳಿಚೀಲವನ್ನು ಬಲೊನೆಟ್ ಎನ್ನುತ್ತಾರೆ. ನೌಕೆ ಏರಿದಂತೆ ಹೀಲಿಯಂ ಹಿಗ್ಗುತ್ತದೆ, ಬಲೊನೆಟ್ಟಿನ ಗಾಳಿ ಹೊರಹೋಗುತ್ತದೆ. ಇಳಿಯುವಾಗ ಹೀಲಿಯಂ ಕುಗ್ಗಿದ ಜಾಗಕ್ಕೆ ಬ್ಲೋವರ್ ಗಾಳಿ ತುಂಬುತ್ತದೆ. ಹತ್ತು ಶೇಕಡಾ ಬಲೊನೆಟ್ ಇದ್ದರೆ ಸುಮಾರು ಒಂದು ಸಾವಿರ ಮೀಟರ್ ಏರುವಷ್ಟರಲ್ಲಿ ಅದು ಪೂರ್ತಿ ಬರಿದಾಗುತ್ತದೆ. ಅದರಾಚೆ ಏರಿದರೆ ಕವಾಟ ತೆರೆದು ಹೀಲಿಯಂನ್ನೇ ಬಿಡಬೇಕು. ಬ್ಲೋವರಿನ ಗಾತ್ರವನ್ನು ನಿರ್ಧರಿಸುವುದು ಇಳಿಯುವ ವೇಗ. ಸೆಕೆಂಡಿಗೆ ಎರಡು ಮೀಟರಿನಂತೆ ಇಳಿದರೆ ನನ್ನ ಹೊದಿಕೆಗೆ ನಿಮಿಷಕ್ಕೆ ಸುಮಾರು ನಾಲ್ಕು ಘನ ಮೀಟರ್ ಗಾಳಿ ಬೇಕು, ಅದೂ 300 ಪಾಸ್ಕಲ್ ಒತ್ತಡದ ವಿರುದ್ಧ. ವಾಯುನೌಕೆಗಳ ಆದ್ಯರಲ್ಲೊಬ್ಬರಾದ ಬ್ರೆಜಿಲ್‌ನ ಆಲ್ಬರ್ಟೊ ಸ್ಯಾಂಟೋಸ್-ಡುಮೊಂಟ್ 1898ರಲ್ಲಿ ತಮ್ಮ ಮೊದಲ ವಾಯುನೌಕೆಯಲ್ಲಿ ಇಳಿಯುವಾಗ ಗಾಳಿಯ ಪಂಪು ಸಾಲದೆ ಹೊದಿಕೆ ನಡುವೆ ಮಡಚಿಕೊಂಡಿತು. ಆ ಘಟನೆ ನನ್ನ ಮನಸ್ಸಿನಿಂದ ಎಂದೂ ದೂರವಾಗಿಲ್ಲ. ನಾನು ಎರಡು ಬ್ಲೋವರ್‌ಗಳನ್ನು ಹಾಕಿದೆ. ಒಂದು ಮುಖ್ಯ ಬ್ಯಾಟರಿಯಿಂದ ನಡೆಯುತ್ತದೆ, ಇನ್ನೊಂದಕ್ಕೆ ತನ್ನದೇ ಪುಟ್ಟ ಬ್ಯಾಟರಿ. ಎರಡು ಕಿಲೋ ಹೆಚ್ಚಾಯಿತು, ಅದಕ್ಕಾಗಿ ನಾನು ಎಂದೂ ಮರುಗಿಲ್ಲ.

ಶಕ್ತಿಯ ಲೆಕ್ಕ ವಾಯುನೌಕೆಯಲ್ಲಿ ತುಂಬ ಸುಂದರವಾಗಿದೆ, ಏಕೆಂದರೆ ನಿಧಾನಕ್ಕೆ ಒಪ್ಪಿದವರಿಗೆ ಅದು ಧಾರಾಳವಾಗಿ ಕೊಡುತ್ತದೆ. ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ನನ್ನ ಅಂದಾಜಿನಲ್ಲಿ ಸೆಕೆಂಡಿಗೆ 5 ಮೀಟರ್ ವೇಗಕ್ಕೆ ಮೋಟಾರಿನಿಂದ 400 ವಾಟ್ ಸಾಕು, 10 ಮೀಟರಿಗೆ ಅದರ ಎಂಟು ಪಟ್ಟು, ಅಂದರೆ 3.2 ಕಿಲೋವಾಟ್. 1985ರಲ್ಲಿ ಬ್ರಯನ್ ಆಲೆನ್ ‘ವೈಟ್ ಡ್ವಾರ್ಫ್’ ಎಂಬ ಪುಟ್ಟ ವಾಯುನೌಕೆಯನ್ನು ಕೇವಲ ಪೆಡಲ್ ತುಳಿದು 90 ಕಿಲೋಮೀಟರಿಗೂ ಹೆಚ್ಚು ದೂರ ಒಯ್ದದ್ದು ಈ ಲೆಕ್ಕದ ಬಲದಿಂದಲೇ. ಆದರೆ ಗಾಳಿ ಬೀಸುತ್ತದೆ. ಎದುರುಗಾಳಿ ಸೆಕೆಂಡಿಗೆ 5 ಮೀಟರ್ ಇದ್ದರೆ 5 ಮೀಟರ್ ವೇಗದ ನೌಕೆ ನೆಲದ ಮೇಲಿನ ಒಂದೇ ಬಿಂದುವಿನ ನೆತ್ತಿಯಲ್ಲಿ ನಿಂತುಬಿಡುತ್ತದೆ. ಆದ್ದರಿಂದ ಹತ್ತು ಮೀಟರ್ ವೇಗ ಕೈಯಲ್ಲಿರಬೇಕು, ಅದನ್ನು ಹಿಂದಿರುಗಲು ಕಾದಿಟ್ಟುಕೊಳ್ಳಬೇಕು. ನಾನು ಹೆಚ್ಚಾಗಿ ಹಾರುವುದು ಏಳು ಮೀಟರಿನ ಆಸುಪಾಸಿನಲ್ಲಿ, ಗಾಳಿ ಇನ್ನೂ ಏಳದ ನಸುಕಿನ ಹೊತ್ತಿನಲ್ಲಿ. ಬ್ಯಾಟರಿಯ ಇನ್ನೊಂದು ಗುಣವೂ ಇಲ್ಲಿ ಒದಗಿಬರುತ್ತದೆ: ಪೆಟ್ರೋಲಿನಂತೆ ಉರಿದು ಹಗುರವಾಗದ ಕಾರಣ ನೌಕೆಯ ಸಮತೂಕ ಕೊನೆಯವರೆಗೂ ಕದಲುವುದಿಲ್ಲ.

ನಿಯಂತ್ರಣದಲ್ಲಿ ಎರಡು ತೊಡಕುಗಳಿವೆ. ಉದ್ದನೆಯ ಒಡಲು ಗಾಳಿಗೆ ಸ್ವಲ್ಪ ಓರೆಯಾದರೂ ಇನ್ನಷ್ಟು ಅಡ್ಡ ತಿರುಗಲು ಹವಣಿಸುತ್ತದೆ. 1920ರ ದಶಕದಲ್ಲಿ ವಾಯುಚಲನ ವಿಜ್ಞಾನಿ ಮ್ಯಾಕ್ಸ್ ಮಂಕ್ ಇದರ ಗಣಿತವನ್ನು ಬಿಡಿಸಿಟ್ಟರು. ಬಾಲದ ರೆಕ್ಕೆಗಳು ದೊಡ್ಡದಾಗಿರಬೇಕಾದದ್ದು ಇದಕ್ಕೇ. ಆದರೆ ರೆಕ್ಕೆಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಇಳಿಯುವಾಗ ವೇಗ ಎರಡು ಮೀಟರಿಗೆ ಬಂದರೆ ಚುಕ್ಕಾಣಿ ಸತ್ತಂತೆಯೇ. ಅದಕ್ಕಾಗಿ ಬಾಲದಲ್ಲಿ ಎಡಬಲಕ್ಕೆ ತಳ್ಳುವ ಚಿಕ್ಕ ಪ್ರೊಪೆಲರ್ ಇಟ್ಟೆ, ಮುಖ್ಯ ಪ್ರೊಪೆಲರ್‌ಗಳನ್ನು ಮೇಲಕ್ಕೂ ಕೆಳಕ್ಕೂ ಓರೆಯಾಗುವಂತೆ ಮಾಡಿದೆ. ಇನ್ನೊಂದು ತೊಡಕು ಜಡತ್ವ. ತೇಲುವ ವಸ್ತುವಿಗೆ ತೂಕವಿಲ್ಲ ಎನಿಸುತ್ತದೆ, ಆದರೆ ಅದರ ದ್ರವ್ಯರಾಶಿ ಅದು ಸರಿಸಿದ ಗಾಳಿಯಷ್ಟೇ, ನನ್ನ ನೌಕೆಗೆ 367 ಕಿಲೋ. ಜೊತೆಯಲ್ಲಿ ಎಳೆದೊಯ್ಯುವ ಗಾಳಿಯೂ ಸೇರಿ ಸುಮಾರು 400. ಐದು ಮೀಟರ್ ವೇಗದಿಂದ ನಿಲ್ಲಿಸಲು ನೂರು ನ್ಯೂಟನ್ ಹಿಮ್ಮುಖ ತಳ್ಳುಬಲಕ್ಕೆ ಇಪ್ಪತ್ತು ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ಐವತ್ತು ಮೀಟರ್ ಸಾಗಿರುತ್ತೇವೆ. ಕೈಯಲ್ಲಿ ತಡೆಯಲು ಯಾರೂ ಮುಂದೆ ನಿಲ್ಲಬಾರದು ಎಂದು ನೆಲದಲ್ಲಿರುವ ಸಹಾಯಕರಿಗೆ ಪ್ರತಿ ಸಲವೂ ಹೇಳುತ್ತೇನೆ.

ಇಳಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಹಾರಿದವರು ಏಳುತ್ತಿದ್ದಂತೆ ನೌಕೆ 75 ಕಿಲೋ ಹಗುರವಾಗುತ್ತದೆ, ಹಿಡಿದವರ ಕೈಯಿಂದ ಕಿತ್ತುಕೊಂಡು ಹೋಗಬಲ್ಲದು. ಕೂರುವ ಚೌಕಟ್ಟಿನ ಎರಡೂ ಬದಿಯಲ್ಲಿ ನೀರಿನ ಚೀಲಗಳನ್ನು ತೂಗುಹಾಕಿ ತುಂಬಿದ ಮೇಲೆಯೇ, ಕೆಳಗಿನವರು ಹೇಳಿದ ಮೇಲೆಯೇ ನಾನು ಇಳಿಯುವುದು. ಹಗ್ಗ ಕಳಚಿ ನೌಕೆ ಖಾಲಿಯಾಗಿ ಹೊರಟುಹೋದರೆ ಅನಿಲ ಬಿಟ್ಟುಕೊಡುವಂತೆ, ಹೊದಿಕೆಯ ನೆತ್ತಿಯಲ್ಲಿ ಹರಿದು ತೆರೆದುಕೊಳ್ಳುವ ಪಟ್ಟಿಯೊಂದಿದೆ. ಅದರ ದಾರವನ್ನು ನೆಲದ ಗೂಟಕ್ಕೆ ಕಟ್ಟಿರುತ್ತೇವೆ. ಬಿಸಿಲು ಇನ್ನೊಂದು ಕಾಟ. ಹೊದಿಕೆಯೊಳಗಿನ ಅನಿಲ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿ ಬಿಸಿಯಾದರೆ ಎತ್ತುವ ಬಲ ಮೂರು ಶೇಕಡಾಕ್ಕೂ ಹೆಚ್ಚು ಏರುತ್ತದೆ, ಮೋಡ ಮುಚ್ಚಿದರೆ ಇಳಿಯುತ್ತದೆ. ಸುಮಾರು ಒಂಬತ್ತು ಕಿಲೋಗಳ ಈ ಏರಿಳಿತ ನನ್ನ ಪಟ್ಟಿಯಲ್ಲಿ ಒಂದು ಬ್ಲೋವರ್ ವ್ಯವಸ್ಥೆಯ ತೂಕದಷ್ಟು.

ಅಡ್ಡಗಾಳಿಯ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದವರು ನೌಕೆಯನ್ನು ಬಯಲಿನಲ್ಲಿ ಅಡ್ಡಕ್ಕೆ ಕಟ್ಟಿಹಾಕುವ ಯೋಚನೆ ಮಾಡುವುದಿಲ್ಲ. ಬದಿಯಿಂದ ನೋಡಿದರೆ ಒಡಲಿನ ವಿಸ್ತೀರ್ಣ 86 ಚದರ ಮೀಟರ್. ಸೆಕೆಂಡಿಗೆ ಎಂಟು ಮೀಟರ್ ಗಾಳಿ ಅಡ್ಡ ಬೀಸಿದರೆ ಅದರ ಮೇಲೆ ಇನ್ನೂರು ಕಿಲೋಗೂ ಮೀರಿದ ತಳ್ಳುಬಲ ಬೀಳುತ್ತದೆ. ಮೂತಿಯನ್ನು ಕಂಬಕ್ಕೆ ಕಟ್ಟಿ, ಗಾಳಿ ಬಂದತ್ತ ಒಡಲು ತಾನೇ ತಿರುಗುವಂತೆ ಬಿಟ್ಟರೆ ಈ ಬಲ ತೀರಾ ಕಡಿಮೆಯಾಗುತ್ತದೆ. ಆದರೆ ಬಾಲ ಸುತ್ತುವುದಕ್ಕೆ ಐವತ್ತು ಮೀಟರ್ ಅಡ್ಡಳತೆಯ ಬರಿದಾದ ವೃತ್ತ ಬೇಕು, ಬ್ಲೋವರ್ ಕಾಯಲು ಯಾರಾದರೂ ರಾತ್ರಿಯಿಡೀ ಎಚ್ಚರವಿರಬೇಕು. ಕಂಬ ಕೆಲವು ಗಂಟೆಗಳಿಗೆ ಸರಿ, ಮನೆಯಾಗಲಾರದು.

ಸ್ಯಾಂಟೋಸ್-ಡುಮೊಂಟ್ 1903ರಲ್ಲಿ ತಮ್ಮ ಒಂಬತ್ತನೆಯ ನೌಕೆಯಲ್ಲಿ ಪ್ಯಾರಿಸ್ಸಿನ ಬೀದಿಗೆ ಇಳಿದು ತಮ್ಮ ಮನೆಯ ಬಾಗಿಲಲ್ಲೇ ಅದನ್ನು ನಿಲ್ಲಿಸಿದ ಚಿತ್ರ ವೈಯಕ್ತಿಕ ವಾಯುನೌಕೆಯ ಕನಸು ಕಾಣುವ ಎಲ್ಲರ ಮನಸ್ಸಿನಲ್ಲೂ ಇದೆ, ನನ್ನಲ್ಲೂ. ಆ ಸ್ವಾತಂತ್ರ್ಯದ ಹಿಂದೆ ಊರಂಚಿನಲ್ಲಿ ಅವರು ಕಟ್ಟಿಸಿದ್ದ ದೊಡ್ಡ ಶೆಡ್ ಇತ್ತು, ಅನಿಲ ತಯಾರಿಸುವ ವ್ಯವಸ್ಥೆ ಇತ್ತು, ಕೆಲಸಗಾರರಿದ್ದರು. 50 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಹಿಡಿಯುವುದು ಒಂಬತ್ತು ಘನ ಮೀಟರ್ ಹೀಲಿಯಂ. ನನ್ನ ಹೊದಿಕೆಗೆ ಅಂಥ ಮೂವತ್ತು ಸಿಲಿಂಡರ್ ಬೇಕು, ಉಕ್ಕಿನ ತೂಕವೇ ಎರಡು ಟನ್ನಿಗೆ ಹತ್ತಿರ. ಹಾರಿದ ದಿನವೆಲ್ಲ ಇದನ್ನು ಬಿಟ್ಟು ಮತ್ತೆ ತುಂಬಿಸುವುದು ಆಗದ ಮಾತು. ತುಂಬಿದ ನೌಕೆ ತುಂಬಿಯೇ ಇರಬೇಕು, ಸೂರಿನ ಕೆಳಗೆ ಇರಬೇಕು. ನಿಮಗೆ ಸಿಗುವ ಶೆಡ್ಡಿನ ಬಾಗಿಲನ್ನು ಅಳೆದು ಬಂದು ಆಮೇಲೆ ಹೊದಿಕೆಯ ನಕ್ಷೆ ಬರೆಯಿರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಹಾರಾಟದ ಪರವಾನಗಿಗಾಗಿ ವಿಮಾನಯಾನ ಪ್ರಾಧಿಕಾರದ ಬಳಿ ಹೋಗುವುದೂ ನಕ್ಷೆಯ ಹಂತದಲ್ಲೇ ಆಗಬೇಕು, ಬಟ್ಟೆ ಕತ್ತರಿಸಿದ ಮೇಲಲ್ಲ.

ಈಗ ಎರಡನೆಯ ಹೊದಿಕೆಯ ಕೆಲಸ ನಡೆದಿದೆ. ಗಾತ್ರವನ್ನು 350 ಘನ ಮೀಟರಿಗೆ ಏರಿಸುತ್ತಿದ್ದೇನೆ. ಗಾತ್ರ ಹದಿನೇಳು ಶೇಕಡಾ ಏರಿದರೂ ಹೊರಮೈ ಹನ್ನೊಂದು ಶೇಕಡಾ ಮಾತ್ರ ಹೆಚ್ಚುತ್ತದೆ. ಬಟ್ಟೆಗೆ ಆರು ಕಿಲೋ ಕೊಟ್ಟು ಎತ್ತುವ ಬಲದಲ್ಲಿ ನಲವತ್ತಕ್ಕೂ ಹೆಚ್ಚು ಪಡೆಯುತ್ತೇನೆ. ಬಿಸಿ ದಿನದ ಕೊರತೆ ಇದರಿಂದ ನೀಗುತ್ತದೆ. ವ್ಯಾಸ 5.5 ಮೀಟರ್ ಆಗುವುದರಿಂದ ಕೆಳಗೆ ನೇತಾಡುವ ರೆಕ್ಕೆಗೆ ಬಾಗಿಲಿನಲ್ಲಿ ಜಾಗವಿಲ್ಲ. ನಾಲ್ಕು ರೆಕ್ಕೆಗಳನ್ನು ಕೂಡಿಸುವ ಚಿಹ್ನೆಯ ಬದಲು ಗುಣಿಸುವ ಚಿಹ್ನೆಯಂತೆ ಓರೆಯಾಗಿ ಜೋಡಿಸುತ್ತಿದ್ದೇನೆ. ಎತ್ತರ ತಗ್ಗುತ್ತದೆ, ಇಳಿಯುವಾಗ ನೆಲಕ್ಕೆ ತಾಗುವ ಭಯವೂ ಇಲ್ಲ. ಆದರೆ ಪ್ರತಿ ಚುಕ್ಕಾಣಿಯೂ ಈಗ ಎಡಬಲ ಮತ್ತು ಮೇಲುಕೆಳಗು ಎರಡೂ ಕೆಲಸ ಮಾಡಬೇಕಾದ್ದರಿಂದ ಅವುಗಳ ತಂತಿಗಳನ್ನು ಬೆರೆಸುವ ಸನ್ನೆಕೋಲನ್ನು ಹೊಸದಾಗಿ ಮಾಡಬೇಕಾಗಿದೆ. ಸದ್ಯ ಮೇಜಿನ ಮೇಲಿರುವುದು ಅದೇ.