ಹಳಿ ಒಂದು ಕಡೆ, ಹೊಳೆ ಒಂದು ಕಡೆ

ಟೈಲ್ ಜೋಡಿಸಿ ಊರು ಕಟ್ಟುವ ವಿಡಿಯೋ ಗೇಮ್ ಡಾರ್ಫ್‌ರೊಮ್ಯಾಂಟಿಕ್ ಆಡಲು ಕೂತ ಮೊದಲ ವಾರ ನನ್ನ ಒಂದು ಆಟವೂ ಅರ್ಧ ಗಂಟೆ ದಾಟಲಿಲ್ಲ. ಮನಸ್ಸು ಹಗುರಾಗಲಿ ಅಂತ ಹಾಕಿಕೊಂಡ ಆಟ ನನಗೆ ತಲೆಬಿಸಿಯಾಗಿತ್ತು. ತಪ್ಪು ಆಟದ್ದಲ್ಲ, ನಂದೇ.

ಆಟ ಸರಳ. ಆರು ಮೂಲೆಯ ಟೈಲ್ ಒಂದೊಂದಾಗಿ ಬರುತ್ತದೆ. ಅಂಚುಗಳಲ್ಲಿ ಕಾಡು, ಹೊಲ, ಮನೆ, ಹುಲ್ಲು, ಹೊಳೆ, ರೈಲು ಹಳಿ ಹೀಗೆ ಏನಾದರೂ ಇರುತ್ತದೆ. ತಿರುಗಿಸಿ, ಹೊಂದುವ ಕಡೆ ಇಡಬೇಕು. ಹೊಂದಿದ ಪ್ರತಿ ಅಂಚಿಗೆ 10 ಅಂಕ. ಆರೂ ಕಡೆ ಹೊಂದಿದರೆ ಬೋನಸ್ ಟೈಲ್. ಗಡಿಯಾರವಿಲ್ಲ, ಎದುರಾಳಿಯಿಲ್ಲ. ಟೈಲ್ ಖಾಲಿಯಾದರೆ ಆಟ ಮುಗಿಯಿತು, ಅಷ್ಟೇ. ಬರ್ಲಿನ್‌ನ ನಾಲ್ವರು ವಿದ್ಯಾರ್ಥಿಗಳು ಮಾಡಿದ್ದಂತೆ. 2022ರಲ್ಲಿ ಪೂರ್ತಿ ರೂಪದಲ್ಲಿ ಬಂತು.

ಎಲ್ಲಿ ಜಾಸ್ತಿ ಅಂಕ ಬರುತ್ತೋ ಅಲ್ಲಿ ಟೈಲ್ ಇಟ್ಟುಬಿಡುವುದು ನನ್ನ ಅಭ್ಯಾಸ. ಒಂದು ರಾತ್ರಿ ಊರಿನ ನಟ್ಟನಡುವೆ ಒಂದು ತೂತು ಉಳಿಯಿತು. ಒಂದು ಪಕ್ಕ ಹಳಿ, ಅದರ ಎದುರಿಗೆ ಹೊಳೆ, ಉಳಿದ ಕಡೆ ಎರಡು ಕಾಡು, ಒಂದು ಹೊಲ, ಒಂದು ಮನೆ. ಕಾಡಿನ ಪಕ್ಕ ಹೊಲ ಬಂದರೆ ಆಟ ಸುಮ್ಮನಿರುತ್ತದೆ, ಅಂಕ ಸಿಗಲ್ಲ ಅಷ್ಟೇ. ಹಳಿ, ಹೊಳೆ ಹಾಗಲ್ಲ. ಹಳಿಗೆ ಹಳಿಯೇ ಸೇರಬೇಕು, ಹೊಳೆಗೆ ಹೊಳೆಯೇ. ಇಲ್ಲದಿದ್ದರೆ ಟೈಲ್ ಕೂರುವುದೇ ಇಲ್ಲ. ಎರಡಕ್ಕೂ ಒಗ್ಗುವುದು ಸ್ಟೇಷನ್ ಟೈಲ್. ಅಂಥವು ಎರಡು ಬಂದಿದ್ದವು. ಎರಡನ್ನೂ ಇಪ್ಪತ್ತು ಅಂಕದ ಆಸೆಗೆ ಎಲ್ಲೋ ಮೂಲೆಯಲ್ಲಿ ಕೂರಿಸಿ ಕೈತೊಳೆದುಕೊಂಡಿದ್ದೆ!

ಮಾರನೇ ದಿನದಿಂದ ಹಳಿಯನ್ನು ಒಂದು ದಿಕ್ಕಿಗೆ, ಹೊಳೆಯನ್ನು ಅದರ ವಿರುದ್ಧ ದಿಕ್ಕಿಗೆ ಬೆಳೆಸತೊಡಗಿದೆ. ಎರಡೂ ಎದುರುಬದುರಾಗದಂತೆ ನೋಡಿಕೊಂಡರೆ ಅರ್ಧ ತೊಂದರೆ ತಪ್ಪಿತು. ಎದುರಾಗಲೇಬೇಕು ಅಂದಾಗ ಆ ಜಾಗ ಸ್ಟೇಷನ್‌ಗೆ ಅಂತ ಖಾಲಿ ಬಿಡುತ್ತೇನೆ. ಯಾವುದಕ್ಕೂ ಸೇರದ ಕಲಬೆರಕೆ ಟೈಲ್‌ಗಳಿಗೆ ದೂರದಲ್ಲೊಂದು ಮೂಲೆ ಇದೆ. ನೋಡೋಕೆ ಚೆನ್ನಾಗಿರಲ್ಲ, ಬಿಡಿ. ಮನೆ ಅಂದಮೇಲೆ ಒಂದು ಅಟ್ಟ ಬೇಡವೇ?

ಕೆಲವು ಟೈಲ್ ಮೇಲೆ ಒಂದು ಸಂಖ್ಯೆ ಇರುತ್ತದೆ. ಇಷ್ಟು ಮರ ಸೇರಿಸು, ಇಷ್ಟು ಮನೆ ಸೇರಿಸು ಅಂತ. ಮುಗಿಸಿದರೆ ಮತ್ತಷ್ಟು ಟೈಲ್ ಸಿಗುತ್ತವೆ. ಆಟ ಉದ್ದವಾಗುವುದು ಇದರಿಂದಲೇ. ಹಾಗಾಗಿ ಒಂದೇ ದೊಡ್ಡ ಕಾಡು ಬೆಳೆಸುವ ಬದಲು ಬೇರೆ ಬೇರೆ ಚಿಕ್ಕ ಕಾಡುಗಳನ್ನು ಇಟ್ಟುಕೊಳ್ಳುತ್ತೇನೆ. ಹೊಸ ಸಂಖ್ಯೆ ಬಂದಾಗ ಯಾವುದಕ್ಕೆ ಅಂಟಿಸಲಿ ಅಂತ ಆರಿಸಲು ಜಾಗ ಇರುತ್ತದೆ. ಮುಂದಿನ ಟೈಲ್ ರಾಶಿಯಲ್ಲಿ ಕಾಣುತ್ತದೆ. ಮೊದಲೆಲ್ಲ ನಾನು ಅತ್ತ ನೋಡುತ್ತಲೇ ಇರಲಿಲ್ಲ.

ನನ್ನ ಏಳು ವರ್ಷದ ಮಗಳಿಗೆ ಈ ಲೆಕ್ಕಾಚಾರ ಬೇಡ. ಟೈಲ್ ಮುಗಿಯದ ಕ್ರಿಯೇಟಿವ್ ಮೋಡ್‌ನಲ್ಲಿ ಅವಳು ಬರೀ ಹೊಳೆ ಹರಿಸುತ್ತಾಳೆ. ದೋಣಿ ಹೋಗಿ ಬರುವುದನ್ನು ನೋಡುತ್ತಾ ಕೂರುತ್ತಾಳೆ. ಮೊನ್ನೆ ನನ್ನ ಹಳೆಯ ಆಟದ ಚಿತ್ರ ತೋರಿಸಿ, "ಈ ತೂತು ತುಂಬೋಕೆ ಎಷ್ಟು ಒದ್ದಾಡಿದ್ದೆ ಗೊತ್ತಾ ಪುಟ್ಟಿ?" ಅಂದೆ.

"ಅದು ತೂತಲ್ಲಪ್ಪಾ, ಬಾವಿ," ಅಂದಳು.