ಆರ್‌ಟಿ ಕರ್ನಲ್‌ನಲ್ಲಿ ಪೇಜ್ ಅಲೊಕೇಟರ್ ಲಾಕ್ ಬದಲಾವಣೆ: ನಾನು ಅಳೆದ ರೀತಿ

ಲಿನಕ್ಸ್ 6.0ರಲ್ಲಿ ಪೇಜ್ ಅಲೊಕೇಟರ್‌ನ (ಮೆಮೊರಿಯನ್ನ ಪೇಜ್ ಅನ್ನೋ ತುಂಡುಗಳಾಗಿ ಹಂಚೋ ಕರ್ನಲ್ ಭಾಗ) ಪರ್-ಸಿಪಿಯು ಲಿಸ್ಟ್‌ಗಳ ಲಾಕಿಂಗ್ ಬದಲಾಯ್ತು. ಕರ್ನಲ್ ಡೆವಲಪರ್ ಮೆಲ್ ಗೋರ್ಮನ್ ಅವರ ಪ್ಯಾಚ್ ಸರಣಿ ಅದು, ನಿಕೋಲಸ್ ಸೇನ್ಸ್ ಜೂಲಿಯೆನ್ ಮೊದಲು ಮಾಡಿದ್ದ ಕೆಲಸದ ಮೇಲೆ ಕಟ್ಟಿದ್ದು. ಆರ್‌ಟಿ (ರಿಯಲ್-ಟೈಮ್, ಅಂದ್ರೆ ಕೆಲಸ ಹೇಳಿದ ಸಮಯದೊಳಗೆ ನಡೀಲೇಬೇಕಾದ ಕಡೆ ಬಳಸೋ ಕರ್ನಲ್) ಮೇಲೆ ಕೆಲಸ ಮಾಡೋರಿಗೆ ಇದು ತುಂಬಾ ಬೇಕಾಗಿದ್ದ ಬದಲಾವಣೆ, ಅದಕ್ಕೇ ಬೇರೆಯವರ ನಂಬರ್ ನೋಡಿ ಒಪ್ಕೊಳ್ಳೋ ಬದಲು ನಾನೇ ಅಳೀಬೇಕು ಅಂತ ಕೂತೆ.

ಸಮಸ್ಯೆ ಏನಿತ್ತು ಅಂದ್ರೆ, ಪ್ರತಿ ಸಿಪಿಯು ತನ್ನ ಹತ್ರ ಒಂದಷ್ಟು ಖಾಲಿ ಪೇಜ್ ಇಟ್ಕೊಂಡಿರುತ್ತೆ, ಹಳೇ ಕೋಡ್‌ನಲ್ಲಿ ಅದಕ್ಕೆ ಲೋಕಲ್ ಲಾಕ್ ಇದ್ದಿದ್ರಿಂದ ಆ ಸಿಪಿಯು ಬಿಟ್ಟು ಬೇರೆಯವರು ಮುಟ್ಟೋ ಹಾಗಿರ್ಲಿಲ್ಲ. ಮೆಮೊರಿ ಟೈಟ್ ಆದಾಗ ಆ ಪೇಜ್‌ಗಳನ್ನ ವಾಪಸ್ ತರೋಕೆ ಕರ್ನಲ್ ಪೇಜ್ ಇಟ್ಕೊಂಡಿರೋ ಒಂದೊಂದು ಸಿಪಿಯುಗೂ ವರ್ಕ್‌ಕ್ಯೂನಲ್ಲಿ (ಕರ್ನಲ್‌ನ ಹಿನ್ನೆಲೆ ಕೆಲಸಗಳ ಸಾಲು) ಒಂದು ಕೆಲಸ ಹಾಕಿ, ಎಲ್ಲಾ ಮುಗಿಯೋವರೆಗೂ ಕಾಯ್ತಿತ್ತು; ಹೀಗೆ ಲಿಸ್ಟ್ ಖಾಲಿ ಮಾಡೋದಕ್ಕೆ ಡ್ರೈನ್ ಅಂತಾರೆ. ಈಗ ಐಸೊಲೇಟ್ ಮಾಡಿದ (ಒಂದೇ ಕೆಲಸಕ್ಕೆ ಮೀಸಲಿಟ್ಟ) ಸಿಪಿಯು ಮೇಲೆ ಒಂದು ಫಿಫೋ ಥ್ರೆಡ್ (ತಾನಾಗಿ ಬಿಟ್ಟುಕೊಡೋವರೆಗೂ ಓಡೋ ಆರ್‌ಟಿ ಥ್ರೆಡ್) ಬಿಡದೆ ಓಡ್ತಿದೆ ಅಂದ್ಕೊಳ್ಳಿ, ಅಲ್ಲಿ ಸಾಮಾನ್ಯ ಪ್ರಯಾರಿಟಿಯ ಕೆವರ್ಕರ್‌ಗೆ (ವರ್ಕ್‌ಕ್ಯೂ ಕೆಲಸ ಮಾಡೋ ಕರ್ನಲ್ ಥ್ರೆಡ್) ಸರದೀನೇ ಬರಲ್ಲ, ಮೆಮೊರಿ ಕೇಳಿದ ಪ್ರೋಸೆಸ್ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಹೊಸ ಕೋಡ್‌ನಲ್ಲಿ ಪ್ರತಿ ಲಿಸ್ಟ್‌ಗೂ ಒಂದು ಸ್ಪಿನ್‌ಲಾಕ್ (ಯಾವ ಸಿಪಿಯು ಬೇಕಾದ್ರೂ ಹಿಡಿಯಬಹುದಾದ ಲಾಕ್) ಇದೆ, ಬೇಕಾದವರೇ ದೂರದಿಂದ ಲಾಕ್ ಹಿಡಿದು ಖಾಲಿ ಮಾಡ್ಕೋತಾರೆ.

5.19ನ್ನೂ 6.0ನ್ನೂ ಹೋಲಿಸಿದ್ರೆ ಆಗಲ್ಲ, ಮಧ್ಯೆ ಸಾವಿರಾರು ಬೇರೆ ಕಮಿಟ್‌ಗಳಿವೆ. ನಾನು 5.19-ಆರ್‌ಟಿ ಟ್ರೀ ತಗೊಂಡು ಅದರ ಮೇಲೆ ಈ ಸರಣಿ ಒಂದನ್ನೇ ಹಾಕಿದೆ, ಒಂದೇ ಕಾನ್ಫಿಗ್, ಒಂದೇ ಕಂಪೈಲರ್, ಲಾಕ್‌ಡೆಪ್ (ಲಾಕ್ ಬಳಕೆಯ ತಪ್ಪು ಹುಡುಕೋ ಸಾಧನ) ಮತ್ತೆ ಉಳಿದ ಡೀಬಗ್ ಆಯ್ಕೆಗಳೆಲ್ಲಾ ಆಫ್. ಎರಡನ್ನ ಹೋಲಿಸೋ ಮೊದಲು ಹಳೇ ಕರ್ನಲನ್ನ ಅದಕ್ಕೇ ಹೋಲಿಸಿದೆ, ರೀಬೂಟ್ ಮಾಡಿ ಮಾಡಿ. ಬೂಟ್‌ನಿಂದ ಬೂಟ್‌ಗೆ ಬರೋ ಏರಿಳಿತ ಎಷ್ಟು ಅಂತ ಗೊತ್ತಿಲ್ದೆ ಪ್ಯಾಚ್‌ನಿಂದ ಬಂದ ವ್ಯತ್ಯಾಸ ಎಷ್ಟು ಅಂತ ಹೇಳೋಕೆ ಸಾಧ್ಯನೇ ಇಲ್ಲ. ಆಮೇಲೆ ಹಳೇದು, ಹೊಸದು, ಹಳೇದು, ಹೊಸದು ಅಂತ ಸರದಿ ಮೇಲೆ ಓಡಿಸಿದೆ. ಹಾರ್ಡ್‌ವೇರ್ ಕಡೆಯಿಂದ ಬರೋ ತಡೆ ಇದೆಯಾ ಅಂತ ಎಚ್‌ಡಬ್ಲ್ಯುಲ್ಯಾಟ್ ಟ್ರೇಸರ್‌ನಲ್ಲಿ ಮೊದಲೇ ನೋಡ್ಕೊಂಡಿದ್ದೆ.

ಟೆಸ್ಟ್ ಪ್ರೋಗ್ರಾಮ್ ಬರೆಯೋದು ಚಿಕ್ಕ ಕೆಲಸ, ಆದ್ರೆ ಎರಡು ವಿಷಯ ಗಮನಿಸ್ಲೇಬೇಕು. ಒಂದು, ಲಿಸ್ಟ್ ಖಾಲಿ ಇರೋ ಸಿಪಿಯುಗೆ ಕರ್ನಲ್ ಕೆಲಸನೇ ಕಳಿಸಲ್ಲ, ಹಾಗಾಗಿ ಬಿಡದೆ ಓಡೋ ಆ ಫಿಫೋ ಥ್ರೆಡ್ (ಇದನ್ನ ಸ್ಪಿನ್ ಥ್ರೆಡ್ ಅಂತೀನಿ) ಲೂಪ್‌ಗೆ ಹೋಗೋ ಮೊದಲು ಅದೇ ಸಿಪಿಯು ಮೇಲೆ ಒಂದಷ್ಟು ಮೆಮೊರಿ ಮ್ಯಾಪ್ ಮಾಡಿ, ಎಲ್ಲಾ ಪೇಜ್ ಮುಟ್ಟಿ, ಅನ್‌ಮ್ಯಾಪ್ ಮಾಡ್ಬೇಕು. ಇಲ್ದಿದ್ರೆ ಹಳೇ ಕರ್ನಲ್ಲೂ ಚೆನ್ನಾಗೇ ಕಾಣುತ್ತೆ. ಇನ್ನೊಂದು ಆರ್‌ಟಿ ಥ್ರಾಟ್ಲಿಂಗ್, ಈ ಕರ್ನಲ್‌ನಲ್ಲಿ ಡಿಫಾಲ್ಟ್ ಆಗಿ ಪ್ರತಿ ಸೆಕೆಂಡ್‌ನಲ್ಲಿ 950 ಮಿಲಿಸೆಕೆಂಡ್ ಮಾತ್ರ ಆರ್‌ಟಿ ಥ್ರೆಡ್‌ಗೆ, ಉಳಿದ 50ರಲ್ಲಿ ಕೆವರ್ಕರ್ ನುಸುಳ್ಕೊಂಡು ಕೆಲಸ ಮುಗಿಸಿಬಿಡುತ್ತೆ. ಆಗ ನೀವು ಅಳೀತಿರೋದು ಅಲೊಕೇಟರನ್ನಲ್ಲ, ಥ್ರಾಟ್ಲಿಂಗನ್ನ. ಅದಕ್ಕೆ ಆ ಸೆಟ್ಟಿಂಗನ್ನ -1 (ಅಂದ್ರೆ ಮಿತಿ ಇಲ್ಲ) ಮಾಡಿ, ಮಷಿನ್ ಹ್ಯಾಂಗ್ ಆಗದ ಹಾಗೆ ಸ್ಪಿನ್ ಥ್ರೆಡ್‌ಗೆ ಗಡುವು ಕೊಟ್ಟೆ. ಇನ್ನೊಂದು ಸಿಪಿಯುನಲ್ಲಿ ಮೆಮೊರಿ ಒತ್ತಡ ಹಾಕೋ ಪ್ರೋಗ್ರಾಮ್ ಓಡಿಸಿ, ಫಂಕ್ಷನ್ ಗ್ರಾಫ್ ಟ್ರೇಸರ್‌ನಲ್ಲಿ ಡ್ರೈನ್ ಎಷ್ಟು ಹೊತ್ತು ತಗೊಂಡ್ತು ಅಂತ ನೋಡಿದೆ.

ಹಳೇ ಕರ್ನಲ್‌ನಲ್ಲಿ ಡ್ರೈನ್ ಮುಗೀತಿದ್ದಿದ್ದು ಸ್ಪಿನ್ ಥ್ರೆಡ್‌ನ ಗಡುವು ಮುಗಿದ ಮೇಲೇನೇ. ಗಡುವು ಜಾಸ್ತಿ ಮಾಡಿದ್ರೆ ಕಾಯೋ ಹೊತ್ತೂ ಅಷ್ಟೇ ಜಾಸ್ತಿ. ಹೊಸದ್ರಲ್ಲಿ ಗಡುವಿಗೂ ಅದಕ್ಕೂ ಸಂಬಂಧನೇ ಇಲ್ಲ. ಸರಾಸರಿ, ಪರ್ಸೆಂಟೈಲ್ ಯಾವ್ದೂ ಬೇಕಾಗ್ಲಿಲ್ಲ.

ಆದ್ರೆ ಲಾಕ್ ಹಾಕಿದ್ಮೇಲೆ ಎಲ್ಲೋ ಬೆಲೆ ಕೊಡ್ಲೇಬೇಕಲ್ಲ, ಅದನ್ನ ಪೇಜ್ ಫಾಲ್ಟ್ (ಪ್ರೋಗ್ರಾಮ್ ಹೊಸ ಪೇಜ್ ಮೊದಲ ಸಲ ಮುಟ್ಟಿದಾಗ ಕರ್ನಲ್ ಅದನ್ನ ಒದಗಿಸೋದು) ಟೆಸ್ಟ್‌ನಲ್ಲಿ ಹುಡುಕಿದೆ. ಇಲ್ಲಿ ಬಹಳ ಜನ ಸಾಮಾನ್ಯ ಕರ್ನಲ್‌ನ ಫಲಿತಾಂಶ ತೋರಿಸಿ ಆರ್‌ಟಿ ಬಗ್ಗೆ ಮಾತಾಡ್ತಾರೆ, ಅದು ಸರಿಯಲ್ಲ. ಸಾಮಾನ್ಯ ಕರ್ನಲ್‌ನಲ್ಲಿ ಲೋಕಲ್ ಲಾಕ್ ಅಂದ್ರೆ ಇಂಟರಪ್ಟ್ ಆಫ್ ಮಾಡೋದಷ್ಟೇ, ಸ್ಪಿನ್‌ಲಾಕ್ ಅಲ್ಲಿ ಹೊಸ ಖರ್ಚು. ಆರ್‌ಟಿನಲ್ಲಿ ಲೋಕಲ್ ಲಾಕೇ ಒಳಗೆ ಪರ್-ಸಿಪಿಯು ಸ್ಪಿನ್‌ಲಾಕ್, ಅದೂ ಆರ್‌ಟಿ-ಮ್ಯೂಟೆಕ್ಸ್ ಮೇಲೆ ನಿಂತ, ಕಾಯೋವಾಗ ಥ್ರೆಡ್ ಮಲಗಬಲ್ಲ ಲಾಕು, ಅಂದ್ರೆ ಆ ಖರ್ಚನ್ನ ಮೊದಲಿಂದಾನೇ ಕೊಡ್ತಿದ್ವಿ. ನನ್ನ ಮಷಿನ್‌ನಲ್ಲಿ ಪೇಜ್ ಫಾಲ್ಟ್ ವೇಗದ ವ್ಯತ್ಯಾಸ ಬೂಟ್ ಏರಿಳಿತದ ಒಳಗೇ ಮುಳುಗಿಹೋಯ್ತು.

ಕೊನೇದಾಗಿ ಒಂದು, ಡ್ರೈನ್ ಶುರು ಮಾಡೋಕೆ ಸಿಎಂಎ ಅಲೊಕೇಶನ್ (ಒಂದಕ್ಕೊಂದು ಅಂಟಿಕೊಂಡ ದೊಡ್ಡ ಮೆಮೊರಿ ತುಂಡು ಕೇಳೋ ದಾರಿ) ಬಳಸ್ಬೇಡಿ. ಆ ದಾರೀಲಿ ಎಲ್‌ಆರ್‌ಯು (ಬಳಕೆಯಲ್ಲಿರೋ ಪೇಜ್‌ಗಳ ಪಟ್ಟಿ) ಡ್ರೈನ್ ಕೂಡ ನಡೆಯುತ್ತೆ, ಅದು ಈ ಸರಣಿ ಆದ್ಮೇಲೂ ಎಲ್ಲಾ ಸಿಪಿಯುಗೂ ವರ್ಕ್‌ಕ್ಯೂ ಮೂಲಕಾನೇ ಹೋಗುತ್ತೆ, ಪ್ಯಾಚ್ ಕೆಲಸಾನೇ ಮಾಡ್ತಿಲ್ವೇನೋ ಅನ್ಸುತ್ತೆ. ವರ್ಕ್‌ಕ್ಯೂ ಟ್ರೇಸ್ ಈವೆಂಟ್ ಆನ್ ಮಾಡಿ ಫಂಕ್ಷನ್ ಹೆಸರು ಓದಿ: ಡ್ರೈನ್_ಲೋಕಲ್_ಪೇಜಸ್ ಅಂತ ಶುರುವಾದ್ರೆ ಪೇಜ್ ಲಿಸ್ಟ್‌ದು, ಎಲ್‌ಆರ್‌ಯು_ಆಡ್_ಡ್ರೈನ್ ಅಂತ ಇದ್ರೆ ಬೇರೆ ಸಮಸ್ಯೆ, ಅದನ್ನ ಬೇರೆಯಾಗೇ ಅಳೀಬೇಕು.