ಸೈಕಲ್ ಹತ್ತುವ ಮುಂಚೆ ಜಿಲ್ಲೆಯ ಗಡಿ ನೋಡಿಕೊಳ್ಳಿ

ಪ್ರತಿ ಏಪ್ರಿಲ್‌ನಲ್ಲೂ ಇದೇ ಕಥೆ. ಏರ್‌ಬಸ್ ಕೆಲಸಕ್ಕೆಂದು ಬೆಂಗಳೂರಿನಿಂದ ಫ್ರಾನ್ಸಿನ ತುಲೂಸ್‌ಗೆ ಬಂದ ಯಾರೋ ಒಬ್ಬರು ಚಳಿ ಕಳೆಯುತ್ತಲೇ ಹೊಸ ಸೈಕಲ್ ಕೊಳ್ಳುತ್ತಾರೆ. ಇಲ್ಲಿಂದ ಮೆಡಿಟರೇನಿಯನ್ ಸಮುದ್ರದ ಕಡೆ ಹೋಗುವ ಮಿದಿ ಕಾಲುವೆಯ ದಂಡೆಯಲ್ಲಿ ಒಂದು ಭಾನುವಾರ ಇಪ್ಪತ್ತು ಕಿಲೋಮೀಟರ್ ಹೋಗಿ ಬರುತ್ತಾರೆ. ನುಣ್ಣನೆ ಡಾಂಬರು, ಸಾಲುಮರ, ಒಂದೇ ಒಂದು ಕಾರಿಲ್ಲ. ಮರುದಿನ ನನಗೆ ಫೋನ್. "ಸರ್, ಲಾಂಗ್ ವೀಕೆಂಡಿಗೆ ಇದೇ ಕಾಲುವೆ ದಾರೀಲಿ ಕಾರ್ಕಸೋನ್‌ಗೆ ಹೊರಟಿದೀವಿ. ಹೋಟೆಲ್ ಬುಕ್ ಆಯ್ತು."

ನಾನು ಕೇಳುವುದು ಒಂದೇ ಪ್ರಶ್ನೆ: "ಟೈರ್ ಎಷ್ಟು ದಪ್ಪ ಇದೆ?"

ಹೆಲ್ಮೆಟ್, ಲೈಟು, ಬಲಗಡೆ ಓಡಿಸುವುದು, ಇದೆಲ್ಲ ನಿಮಗೆ ಗೊತ್ತು. ಬಿಡಿ. ಗೊತ್ತಿಲ್ಲದ್ದು ಎರಡು ಫ್ರೆಂಚ್ ಪದಗಳ ವ್ಯತ್ಯಾಸ. 'ವ್ವಾ ವೆರ್ತ್' ಎಂದರೆ ಮೋಟಾರು ವಾಹನಕ್ಕೆ ಪ್ರವೇಶವೇ ಇಲ್ಲದ ದಾರಿ. ನೀಲಿ ಚೌಕದ ಬೋರ್ಡಿನಲ್ಲಿ ಸೈಕಲ್ ಮತ್ತು ನಡೆಯುವವರ ಚಿತ್ರ ಇರುತ್ತದೆ. ಅದೇ ಬೋರ್ಡಿನ ಮೇಲೆ ಅಡ್ಡಕ್ಕೆ ಕೆಂಪು ಗೀಟು ಕಂಡರೆ ಆ ಸುಖ ಅಲ್ಲಿಗೆ ಮುಗಿಯಿತು. 'ವೆಲೋರೂಟ್' ಬೇರೆ. ಅದು ದೂರದ ಪ್ರಯಾಣಕ್ಕೆಂದು ಗುರುತು ಹಾಕಿದ ದಾರಿ, ಅಷ್ಟೇ. ಸ್ವಲ್ಪ ವ್ವಾ ವೆರ್ತ್, ಸ್ವಲ್ಪ ಹಳ್ಳಿ ರಸ್ತೆ, ಕೆಲವು ಕಡೆ ಬರೀ ಮಣ್ಣು. ಮ್ಯಾಪಿನಲ್ಲಿ ಎರಡೂ ಒಂದೇ ಬಣ್ಣದ ಗೆರೆಯಾಗಿ ಕಂಡುಬಿಡುತ್ತವೆ. ಮೋಸ ಹೋಗುವುದು ಅಲ್ಲೇ.

ನಾನು ಮೋಸ ಹೋದ ಕಥೆ ಹೇಳುತ್ತೇನೆ, ಕೇಳಿ.

ಇಲ್ಲಿಗೆ ಬಂದ ಎರಡನೇ ವರ್ಷ. ನಾನು, ದಾವಣಗೆರೆಯ ಒಬ್ಬ ಗೆಳೆಯ. ಇಬ್ಬರ ಹತ್ತಿರವೂ ತೆಳು ಟೈರಿನ ರೋಡ್ ಬೈಕ್. ಶನಿವಾರ ಕಾರ್ಕಸೋನ್, ಭಾನುವಾರ ಬೆಝಿಯೆ, ಸೋಮವಾರ ಹೇಗೂ ರಜೆ, ಸಮುದ್ರ ನೋಡಿ ರೈಲಿನಲ್ಲಿ ವಾಪಸ್. ಅಗ್ಗ ಅಂತ ಹಣ ವಾಪಸ್ ಕೊಡದ ಹೋಟೆಲ್‌ಗಳನ್ನೇ ಬುಕ್ ಮಾಡಿದ್ದೆವು. ಹತ್ತು ಗಂಟೆಗೆ ಆರಾಮಾಗಿ ಹೊರಟೆವು. ಪೋರ್ ಲೋರಗೆ ತನಕ 50 ಕಿಲೋಮೀಟರ್ ಬೆಣ್ಣೆಯಂಥ ದಾರಿ. ಊಟಕ್ಕೆ ಕೂತಾಗ ಗೆಳೆಯ ಹೇಳಿದ: "ಏನ್ ಗುರೂ, ಇಷ್ಟೇನಾ?"

ಅಲ್ಲಿಂದ ಎರಡು ಕಿಲೋಮೀಟರ್ ಆಚೆ ನೋರೂಜ್. ಕಾಲುವೆಯ ಅತಿ ಎತ್ತರದ ಜಾಗ ಅದು, ಸಮುದ್ರಮಟ್ಟದಿಂದ 189 ಮೀಟರ್. ಬೆಟ್ಟದಿಂದ ಬಂದ ನೀರು ಇಲ್ಲಿ ಕವಲೊಡೆದು ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ ಹೋಗುತ್ತದೆ. ಈ ವಿಷಯ ಎಲ್ಲ ಪ್ರವಾಸಿ ಪುಸ್ತಕಗಳಲ್ಲೂ ಇದೆ. ಡಾಂಬರೂ ಅಲ್ಲಿಂದಾಚೆ ಬರುವುದಿಲ್ಲ ಎಂದು ಮಾತ್ರ ಯಾರೂ ನಮಗೆ ಹೇಳಿರಲಿಲ್ಲ. ಮೊದಲು ಜಲ್ಲಿ ಬಂತು. ಆಮೇಲೆ ಒಂದಡಿ ಅಗಲದ ಕಾಲುದಾರಿ. ಆಮೇಲೆ ಬೇರು. ಪ್ಲೇನ್ ಎಂಬ ಸಾಲುಮರದ ಬೇರುಗಳು ದಾರಿಗೆ ಅಡ್ಡಲಾಗಿ ಮೊಣಕೈ ದಪ್ಪಕ್ಕೆ ಎದ್ದು ನಿಂತಿದ್ದವು. ಎರಡು ಪಂಕ್ಚರ್ ಆಯ್ತು. ಗೆಳೆಯ ಬಿದ್ದ, ಮಣಿಕಟ್ಟು ಊದಿತು. ನನ್ನ ಹಿಂದಿನ ಚಕ್ರದ ಎರಡು ಕಡ್ಡಿ ಕಿತ್ತು ರಿಮ್ ಸೊಟ್ಟಗಾಯಿತು. ಕೊನೆಯ ಆರು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ಕಾಸ್ತೆಲ್ನೋದರಿ ಸೇರಿದಾಗ ಸಂಜೆ. ಸೈಕಲ್ ಅಂಗಡಿಯಾತ ಆಗಲೇ ಶಟರ್ ಅರ್ಧ ಎಳೆದಿದ್ದ. ರಿಮ್ ಕಡೆ ಒಮ್ಮೆ, ನಮ್ಮ ಮುಖ ಒಮ್ಮೆ ನೋಡಿ "ಮಾರ್ದಿ" ಅಂದ. ಮಂಗಳವಾರ. ಭಾನುವಾರ, ಸೋಮವಾರ ಎರಡೂ ದಿನ ಬಾಗಿಲು ಬಂದ್. ರಜೆ ಇರಲಿ ಬಿಡಲಿ, ಇಲ್ಲಿನ ಸಣ್ಣ ಊರುಗಳ ಬಹಳಷ್ಟು ಅಂಗಡಿಗಳು ಸೋಮವಾರ ಮುಚ್ಚಿರುತ್ತವೆ.

ಎರಡು ಹೋಟೆಲ್, ಒಂದು ರಿಮ್: ಹತ್ತಿರ ಹತ್ತಿರ 230 ಯೂರೋ ನೀರಿಗೆ. ರೈಲಿಗೆ ಕಾಯುವಾಗ ಊರಿನ ಹೆಸರುವಾಸಿ ಕಾಸುಲೆ ತರಿಸಿದೆವು. ಮಣ್ಣಿನ ಬಟ್ಟಲಲ್ಲಿ ಬಿಳಿ ಕಾಳು, ಮೇಲೆ ಹಬೆ. ಗೆಳೆಯ ಸಸ್ಯಾಹಾರಿ. ಅವರೆಕಾಳು ಸಾರು ಅಂದುಕೊಂಡು ಚಮಚ ಹಾಕಿದ. ಬಾತುಕೋಳಿಯ ಕಾಲು ಎದ್ದು ಬಂತು.

ದಾರಿ ಹಾಗೇಕೆ ಕೆಟ್ಟಿತು ಎನ್ನುವುದು ಆಮೇಲೆ ತಿಳಿಯಿತು. ಕಾಲುವೆಯನ್ನು ನೋಡಿಕೊಳ್ಳುವುದು ಕೇಂದ್ರದ ಜಲಮಾರ್ಗ ಸಂಸ್ಥೆ. ಆದರೆ ಅದರ ದಂಡೆಯನ್ನು ವ್ವಾ ವೆರ್ತ್ ಮಾಡಬೇಕೋ ಬೇಡವೋ ಎನ್ನುವುದು ಸ್ಥಳೀಯ ಸಂಸ್ಥೆಗಳ ದುಡ್ಡು ಮತ್ತು ಮನಸ್ಸಿಗೆ ಬಿಟ್ಟಿದ್ದು, ಮುಖ್ಯವಾಗಿ ದೆಪಾರ್ತ್‌ಮಾಂ, ಅಂದರೆ ಜಿಲ್ಲೆಯದ್ದು. ನಮ್ಮ ಓತ್ ಗರೋನ್ ಜಿಲ್ಲೆ ಡಾಂಬರು ಹಾಕಿತ್ತು. ಗಡಿ ದಾಟಿದರೆ ಓದ್ ಜಿಲ್ಲೆ. ಜಿಲ್ಲೆಯ ಹೆಸರೇ ಓದ್, ನಾವು ಮಾತ್ರ ಒಂದಕ್ಷರ ಓದಿಕೊಂಡು ಹೋಗಿರಲಿಲ್ಲ! ಆಮೇಲೆ ಅಲ್ಲಿಯೂ ತುಂಡು ತುಂಡಾಗಿ ಕೆಲಸ ಆಗುತ್ತಾ ಬಂದಿದೆ. ಆದರೂ ಹೊರಡುವ ವಾರ ಆ ಜಿಲ್ಲೆಯ ಸೈಟಿನಲ್ಲಿ ದಾರಿ ಡಾಂಬರೋ, ಜಲ್ಲಿಯೋ, ಮಣ್ಣೋ ಎಂದು ನೋಡಿ. ರೂಟಿನ ಹೆಸರು ನಂಬಬೇಡಿ, ಅದು ಪ್ರವಾಸೋದ್ಯಮದವರು ಇಟ್ಟಿದ್ದು.

ಇದೇ ಗಡಿಯ ಆಟ ರಸ್ತೆಗಳಲ್ಲೂ ಇದೆ. 'ಡಿ' ಅಕ್ಷರದ ರಸ್ತೆ ಎಂದರೆ ಜಿಲ್ಲಾ ರಸ್ತೆ, ಹಾಗಾಗಿ ಶಾಂತ ಇರುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಸಣ್ಣವು ಹೌದು, ಗಂಟೆಗೆ ನಾಲ್ಕು ಕಾರು ಬಂದರೆ ಹೆಚ್ಚು. ಆದರೆ ನಮ್ಮ ಕಡೆಯ ಡಿ 813 ಹಳೆಯ ರಾಷ್ಟ್ರೀಯ ಹೆದ್ದಾರಿ 113. 2006ರಲ್ಲಿ ಸರ್ಕಾರ ಅದನ್ನು ಜಿಲ್ಲೆಗಳಿಗೆ ದಾಟಿಸಿತು. ಓದ್ ಜಿಲ್ಲೆಗೆ ಹೋದರೆ ಅದೇ ರಸ್ತೆ ಡಿ 6113 ಆಗುತ್ತದೆ. ಹೆಸರು ಬದಲಾಯಿತು, ಲಾರಿಗಳು ಬದಲಾಗಲಿಲ್ಲ. ಕಾಲುವೆ ದಾರಿ ಕೆಟ್ಟಿತೆಂದು ಸಿಟ್ಟಿನಲ್ಲಿ ಅದರ ಮೇಲೆ ಹೋಗಬೇಡಿ. ದಯವಿಟ್ಟು. ಮ್ಯಾಪಿನಲ್ಲಿ ಬಿಳಿ ಗೆರೆಯ ಸಣ್ಣ ರಸ್ತೆ ಹುಡುಕಿ. ಅಲ್ಲೊಂದು ಎಚ್ಚರ: ಹಳ್ಳಿಯೊಳಗೆ ಬೋರ್ಡು, ಗೆರೆ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೇ ಮೊದಲ ಹಕ್ಕು, ಅವನು ಓಣಿಯಿಂದ ಬಂದರೂ ಸರಿ. ಅವನು ನಿಲ್ಲುವುದಿಲ್ಲ.

ವ್ಯವಸ್ಥೆ ಅಂತ ನೋಡಿದರೆ ನೆದರ್‌ಲ್ಯಾಂಡ್ಸ್ ಮೇಲು, ಅನುಮಾನವೇ ಇಲ್ಲ. ಅಲ್ಲಿ ಕೂಡುದಾರಿಗಳಿಗೆ ನಂಬರ್ ಇದೆ, ನಂಬರ್ ಬರೆದುಕೊಂಡು ಹೊರಟರಾಯಿತು. ಆದರೆ ಇಲ್ಲಿನ ಖಾಲಿತನ ಅಲ್ಲಿಲ್ಲ. ಅರ್ಧ ದಿನ ಸೈಕಲ್ ತುಳಿದರೂ ಒಂದು ನಾಯಿ, ಒಬ್ಬ ಅಜ್ಜ, ಅಷ್ಟೇ ಸಿಗುವುದು.

ಅದಕ್ಕೇ ಹೊಸಬರಿಗೆ ನಾನು ಹೇಳುವುದು, ಮೊದಲ ಸಲ ಪೂರ್ವಕ್ಕೆ ಹೋಗಬೇಡಿ, ಪಶ್ಚಿಮಕ್ಕೆ ಹೋಗಿ. ಗರೋನ್ ಕಾಲುವೆ ತುಲೂಸ್‌ನಿಂದ ಬೋರ್ಡೋ ದಿಕ್ಕಿಗೆ 193 ಕಿಲೋಮೀಟರ್, ಬಹುಪಾಲು ಡಾಂಬರು. ದಾರಿಯ ಊರುಗಳಲ್ಲಿ ಮುವಾಸಾಕ್ 64ನೇ ಕಿಲೋಮೀಟರ್, ಅಜೆನ್ 107. ಅಜೆನ್‌ನಲ್ಲಿ ಕಾಲುವೆಯೇ 23 ಕಮಾನಿನ ಕಲ್ಲು ಸೇತುವೆ ಹತ್ತಿ ನದಿ ದಾಟುತ್ತದೆ, ದೋಣಿಯ ಪಕ್ಕದಲ್ಲೇ ನಿಮ್ಮ ಸೈಕಲ್. ರೈಲು ಹಳಿ ಹೆಚ್ಚು ದೂರ ಕಾಲುವೆಯ ಆಸುಪಾಸಿನಲ್ಲೇ ಇದೆ, ಸುಸ್ತಾದರೆ ಹತ್ತಿ ಬಂದುಬಿಡಿ. ಸ್ಥಳೀಯ ರೈಲಿನಲ್ಲಿ ಸೈಕಲ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಆದರೆ ಬೇಸಿಗೆಯಲ್ಲಿ ಕೆಲವು ಪ್ರಾಂತ್ಯಗಳಲ್ಲಿ ಮುಂಚೆಯೇ ಜಾಗ ಹಿಡಿಯಬೇಕು. ಟಿಜಿವಿ ಎಂಬ ವೇಗದ ರೈಲಿಗೆ ಸೈಕಲ್ ಬಿಚ್ಚದೆ ಹತ್ತಿಸುವುದಾದರೆ ಅದಕ್ಕೇ ಬೇರೆ ರಿಸರ್ವೇಶನ್.

ಟೈರ್ 35 ಮಿಲಿಮೀಟರಿಗಿಂತ ತೆಳು ಬೇಡ. ನೀರು ಮುಗಿದರೆ ಊರ ಸ್ಮಶಾನ ಹುಡುಕಿ. ಹೂಗಿಡಕ್ಕೆಂದು ಅಲ್ಲಿ ನಲ್ಲಿ ಇದ್ದೇ ಇರುತ್ತದೆ, ಇಲ್ಲಿನ ಸೈಕಲ್‌ನವರೆಲ್ಲ ಅಲ್ಲೇ ತುಂಬಿಸಿಕೊಳ್ಳುತ್ತಾರೆ. ಕುಡಿಯಬಾರದ ನೀರು ಎಂದು ಬರೆದಿದ್ದರೆ ಮಾತ್ರ ಮುಟ್ಟಬೇಡಿ. ನನಗೆ ಮೊದಲ ಸಲ ಗೇಟು ದೂಡಲು ಕೈ ಬರಲಿಲ್ಲ. ಎರಡನೇ ಸಲ ಚಪ್ಪಲಿ ಬಿಡಬೇಕಾ ಎಂದು ಯೋಚಿಸಿದೆ. ಈಗ ಬಾಟಲಿ ಹಿಡಿದುಕೊಂಡು ನೇರ ಒಳಗೆ.

ಸೆಪ್ಟೆಂಬರ್‌ನಲ್ಲಿ ಹೋದರೆ ಮುವಾಸಾಕ್‌ನಲ್ಲಿ ಶಾಸ್ಲಾ ದ್ರಾಕ್ಷಿ ಕೊಳ್ಳಿ. ಸಿಪ್ಪೆ ತೆಳು, ಬೇಗ ಒಡೆಯುತ್ತದೆ. ಹಿಂದಿನ ಬ್ಯಾಗಿನ ತಳಕ್ಕೆ ಹಾಕಬೇಡಿ, ಹ್ಯಾಂಡಲ್‌ಗೆ ನೇತುಹಾಕಿ.